ಗ್ರಾಮ ನಕಾಶೆ ಹಿಡಿದು ಕಾವಲು ಸೀಮೆಯಲ್ಲಿ ಸೈಕಲ್

ಮಣ್ಣು, ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ಕೊಂಡವರು ಸೇರಿದ ಕಡೆ ಟೈರಿನ ಅಗಲದ ಮಾತೇ ಮಾತು. 40 ಮಿ.ಮೀ. ಸಾಕಾ, 45 ಬೇಕಾ? ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ಬುಕ್ಕಾಪಟ್ಟಣ, ಹುಳಿಯಾರುಗಳ ನಡುವೆ ಸುತ್ತಾಡಿದ ಮೇಲೆ ನನಗೆ ಅದಕ್ಕಿಂತ ಮುಂಚೆ ಬರುವ ಪ್ರಶ್ನೆ ಬೇರೆ: ಈ ನೆಲ ಯಾರದು? ಒಂದೇ ದಿನದ ಸವಾರಿಯಲ್ಲಿ ಗೋಮಾಳ, ಅಮೃತಮಹಲ್ ಕಾವಲು (ಹಿಂದೆ ಅರಮನೆಯ ದನಗಳಿಗೆ ಬಿಟ್ಟ ಹುಲ್ಲುಗಾವಲು), ಮೀಸಲು ಅರಣ್ಯ, ವನ್ಯಜೀವಿಧಾಮದ ಅಂಚು, ಗಣಿ ಗುಡ್ಡ, ರಾಗಿ ಹೊಲ, ತೆಂಗಿನ ತೋಟ ಎಲ್ಲವೂ ಬಂದುಹೋಗುತ್ತವೆ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ತೋಟ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ ಕಂದು ಬಣ್ಣ. ಹತ್ತಿರ ಹೋದರೆ ಒಂದು ಕಡೆ ಬೇಲಿ, ಇನ್ನೊಂದು ಕಡೆ ಟ್ರೆಂಚು, ಮತ್ತೊಂದು ಕಡೆ ಅರಣ್ಯ ಇಲಾಖೆಯ ಗಾರ್ಡು.

ಅದಕ್ಕೇ ದಾರಿ ಹುಡುಕುವ ಕೆಲಸವನ್ನು ಗ್ರಾಮ ನಕಾಶೆಯಿಂದ ಶುರುಮಾಡಿದೆ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಹಳ್ಳಿಹಳ್ಳಿಯ ನಕಾಶೆ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಸೈಕಲ್ಲಿಗೆ ಬೇಕಾದ್ದು ಆ ಜೋಡಿ ಗೆರೆ. ತೊಡಕು ಏನೆಂದರೆ ಒಂದು ಹಳ್ಳಿಯ ನಕಾಶೆ ಅದರ ಗಡಿಗೆ ಮುಗಿದುಬಿಡುತ್ತದೆ. ಅಲ್ಲಿಗೆ ಬಂದು ನಿಂತ ಬಂಡಿದಾರಿ ಪಕ್ಕದೂರಿನ ನಕಾಶೆಯಲ್ಲಿ ಎಲ್ಲಿಂದ ಮುಂದುವರಿಯುತ್ತದೆ ಅಂತ ಜೋಡಿಸಿ ನೋಡಬೇಕು. ಸಂಜೆ ಕೂತು ನಾಲ್ಕೈದು ಹಳ್ಳಿಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹೊಂದಿಸುವುದು ನನಗೆ ಸವಾರಿಯಷ್ಟೇ ಖುಷಿ ಕೊಡುವ ಕೆಲಸ. ಮನೆಯವರ ಅಭಿಪ್ರಾಯ ಬೇರೆ ಇದೆ, ಬಿಡಿ.

ಜಾಗಕ್ಕೆ ಹೋದಾಗ ದಿಶಾಂಕ್ ಆ್ಯಪ್ ಕೈಹಿಡಿಯುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಪಹಣಿ ತೆಗೆದರೆ ಗೋಮಾಳವೋ ಕಾವಲೋ ಅರಣ್ಯವೋ ಯಾರದಾದರೂ ಹಿಡುವಳಿಯೋ ಗೊತ್ತಾಗುತ್ತದೆ. ನಕಾಶೆಯಲ್ಲಿರುವ ಬಂಡಿದಾರಿ ನೆಲದ ಮೇಲೂ ಇರುತ್ತದೆ ಅಂತೇನಿಲ್ಲ. ಕೆಲವನ್ನು ಪಕ್ಕದ ಹೊಲದವರು ಉತ್ತು ಸೇರಿಸಿಕೊಂಡಿದ್ದಾರೆ, ಕೆಲವು ಬಳ್ಳಾರಿ ಜಾಲಿಯ ಪೊದೆಯೊಳಗೆ ಮುಚ್ಚಿಹೋಗಿವೆ. ಯಾವುದು ಉಳಿದಿದೆ ಅಂತ ಹೇಳಬಲ್ಲವರು ಕುರಿ ಕಾಯುವವರು. ಒಂದು ಇಳಿಜಾರಿನ ತುದಿಯಲ್ಲಿ ಫೋನು ನೋಡುತ್ತ ನಿಂತಿದ್ದಾಗ ಕಂಬಳಿ ಹೊದ್ದ ಯಜಮಾನರೊಬ್ಬರು ದೂರದಿಂದಲೇ ಕೂಗಿದರು:

"ಏನ್ ಸ್ವಾಮಿ, ಸರ್ವೆಯೋರಾ?"

"ಇಲ್ಲ ಯಜಮಾನ್ರೇ, ಸುಮ್ನೆ ಸೈಕಲ್ ಹೊಡ್ಕೊಂಡ್ ಬಂದೆ. ಈ ದಾರಿ ಬುಕ್ಕಾಪಟ್ಣಕ್ಕೆ ಹೋಗುತ್ತಾ?"

"ಮುಂದ್ಕೆ ಹಳ್ಳ ಐತೆ. ಹೊತ್ಕಂಡ್ ಇಳೀಬೇಕು. ಎಡಕ್ ಹೋಗಿ, ಗಾಡಿ ಓಡಾಡಿರೋ ಜಾಡೈತೆ."

ಎಡಗಡೆಯ ಆ ಜಾಡು ನನ್ನ ನಕಾಶೆಯಲ್ಲೇ ಇರಲಿಲ್ಲ. ಈಗ ನನ್ನ ದಾರಿ ಹೋಗುವುದು ಅದರ ಮೇಲೇ.

ಕಾವಲಿನ ಕಥೆ ಗೊತ್ತಿದ್ದರೆ ಇಲ್ಲಿನ ದಾರಿಗಳ ಸ್ವಭಾವ ಬೇಗ ಅರ್ಥವಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಶುರುವಾದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಸೇನೆಯ ಫಿರಂಗಿ, ಸಾಮಾನು ಎಳೆಯುವ ಎತ್ತುಗಳು ಬೆಳೆದದ್ದು ಈ ಹುಲ್ಲುಗಾವಲುಗಳಲ್ಲಿ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ಕಾವಲು ಬೇರೆ ಬೇರೆ. ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಹಳೆಯ ಜಾಡುಗಳು ಗುಡ್ಡಕ್ಕೆ ನೇರ ಹತ್ತದೆ ಓರೆಯಾಗಿ ಬಳಸಿ, ಕೆರೆಯಿಂದ ಕೆರೆಗೆ ಹೋಗುವುದಕ್ಕೆ ಇದೇ ಕಾರಣ ಇರಬೇಕು ಅನ್ನುವುದು ನನ್ನ ಊಹೆ. ದನಕ್ಕೆ ಹಿತವಾದ ಏರು ಸೈಕಲ್ಲಿಗೂ ಹಿತ. ಆಮೇಲೆ ಬುಲ್ಡೋಜರು ತಂದು ಮಾಡಿದ ರಸ್ತೆಗಳಿಗೆ ಆ ದಯೆ ಇಲ್ಲ.

ಇನ್ನು ಮುಳ್ಳು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಗ್ರಾವೆಲ್ ರೇಸು ಈ ಆಟಕ್ಕೆ ಹೆಸರು ತಂದದ್ದು. ಅದೂ ದನ ಮೇಯುವ ಹುಲ್ಲುಗಾಡೇ. ಅಲ್ಲಿನವರು ಚೂಪಾದ ಚಕಮಕಿ ಕಲ್ಲಿಗೆ ಹೆದರುತ್ತಾರೆ. ನಮ್ಮಲ್ಲಿ ಬೆಣಚುಕಲ್ಲಿನ ಚೂರುಗಳೂ ಇವೆ, ಜೊತೆಗೆ ಬಳ್ಳಾರಿ ಜಾಲಿ ಇದೆ, ಹೊಲದ ಬದಿಗೆ ಕಡಿದು ಹಾಕಿದ ಕಳ್ಳೆ ಇದೆ, ನೆಲಕ್ಕಂಟಿದ ನೆಗ್ಗಿಲು ಇದೆ. ಟ್ಯೂಬ್ ಹಾಕಿದ ಟೈರಿನಲ್ಲಿ ಈ ಸುತ್ತು ಹೋಗುವವರನ್ನು ತಡೆಯುವುದಿಲ್ಲ, ಜೊತೆಗೆ ಮಾತ್ರ ಹೋಗಲಾರೆ. ಟ್ಯೂಬ್‌ಲೆಸ್ ಹಾಕಿಸಿ, ಒಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಧಾರಾಳವಾಗಿ ಹೊಯ್ಯಬೇಕು. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಚಕ್ಕೆಯಾಗುತ್ತದೆ. ಹೊರಡುವ ಹಿಂದಿನ ದಿನ ಚಕ್ರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಳಗಳ ಅನ್ನದಿದ್ದರೆ ಮತ್ತೆ ತುಂಬಿ. ಮುಳ್ಳು ಚುಚ್ಚಿಕೊಂಡಿದ್ದು ಕಂಡರೆ ತಕ್ಷಣ ಕೀಳಬೇಡಿ. ಅದೇ ತೂತಿಗೆ ಬಿರಡೆ. ಕಿತ್ತರೆ, ಆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಅರೆನಿಮಿಷ ಬಿಡಿ, ಸೀಲೆಂಟ್ ಅಲ್ಲಿಗೆ ಇಳಿದು ಮುಚ್ಚಿಕೊಳ್ಳುತ್ತದೆ. ಬೆಣಚುಕಲ್ಲು ಟೈರಿನ ಪಕ್ಕೆ ಸೀಳಿದರೆ ಮಾತ್ರ ಸೀಲೆಂಟಿನಿಂದ ಆಗುವುದಿಲ್ಲ. ಅದಕ್ಕೆ ರಬ್ಬರ್ ಪ್ಲಗ್, ಒಳಗಿಡಲು ಹಳೇ ಟೈರಿನ ಒಂದು ತುಂಡು, ಕೊನೆಗೆ ಒಂದು ಟ್ಯೂಬು ಇಟ್ಟುಕೊಂಡಿರುತ್ತೇನೆ. ಟ್ಯೂಬ್ ಹಾಕುವ ಮುಂಚೆ ಟೈರಿನೊಳಗೆ ಬೆರಳಾಡಿಸಿ ಮುರಿದ ಮುಳ್ಳುಗಳನ್ನೆಲ್ಲ ಆರಿಸಿ ತೆಗೆಯಬೇಕು. ನನ್ನ ತೂಕ 70 ಕಿಲೋ ಆಸುಪಾಸು, 40 ಮಿ.ಮೀ. ಟೈರಿಗೆ 35 ಪಿಎಸ್‌ಐ ಗಾಳಿ ಹಿಡಿಸುತ್ತದೆ. ಟೈರಿನ ಅಗಲದ ಬಗ್ಗೆ ನನ್ನ ಮಾತು ಇಷ್ಟೇ.

ಹೋಗುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ನಮ್ಮ ಜಿಲ್ಲೆಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಕೆಮ್ಮಣ್ಣು, ಗರಸು ನೆಲ ಎರಡು ದಿನದ ಬಿಸಿಲಿಗೆ ಒಣಗುತ್ತದೆ. ಎರೆ ಮಣ್ಣು ಮಾತ್ರ ಚಕ್ರಕ್ಕೂ ಫೋರ್ಕಿಗೂ ಮೆತ್ತಿಕೊಂಡು ಸೈಕಲ್ಲನ್ನು ಹೊರುವ ಹಾಗೆ ಮಾಡುತ್ತದೆ. ಮಾರ್ಚ್ ಬಂತೆಂದರೆ ಕಾಡ್ಗಿಚ್ಚಿನ ಕಾಲ, ಅರಣ್ಯದವರು ಕಂಡವರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ. ಕೇಳಲೇಬೇಕು.

ಚಿಕ್ಕನಾಯಕನಹಳ್ಳಿಯಲ್ಲಿ ತಟ್ಟೆ ಇಡ್ಲಿ ತಿಂದು ಹೊರಡುವುದು, ಅದೂ ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ. ಈ ಗುಡ್ಡಗಳಲ್ಲಿ ಕರಡಿ ಇದೆ. ನಸುಕು, ಮುಸ್ಸಂಜೆ ಅದರ ಓಡಾಟದ ಹೊತ್ತು. ಬಂಡೆ ಸಂದಿನ ತಿರುವು, ಎಲಚಿ ಪೊದೆಯ ಮಗ್ಗುಲು ಬಂದಾಗ ನಾನು ಗಟ್ಟಿಯಾಗಿ ಮಾತಾಡುತ್ತ ಹೋಗುತ್ತೇನೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರ ಜೊತೆ ಇಲ್ಲಿಗೆ ಬರುವುದಿಲ್ಲ.

ಮೊದಲ ಭಾಗ ಗಣಿ ಗುಡ್ಡಗಳ ಮಗ್ಗುಲಿನದು. ಕಬ್ಬಿಣದ ಅದಿರಿನ ಕೆಂಪು ಧೂಳು ಸಾಕ್ಸಿಗೆ ಹತ್ತಿದರೆ ಜನ್ಮದಲ್ಲಿ ಬಿಡುವುದಿಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮುಂಚೆ ಲಾರಿಗಳ ಸಾಲಿನಲ್ಲಿ ಸೈಕಲ್ ಹೊಡೆಯುವುದನ್ನು ಯಾರೂ ಯೋಚಿಸುತ್ತಿರಲಿಲ್ಲ. ಅಗಲವಾದ ಗಣಿ ರಸ್ತೆ ಆಸೆ ಹುಟ್ಟಿಸುತ್ತದೆ, ಆದರೆ ಗುತ್ತಿಗೆ ಜಾಗದೊಳಗೆ ಹೋಗಬಾರದು. ನೀರು ತುಂಬಿದ ಗುಂಡಿಗಳ ಅಂಚು ಯಾವಾಗ ಕುಸಿಯುತ್ತದೋ ಹೇಳಲಾಗದು.

ಆಮೇಲೆ ಬರುವ ಕಾವಲಿನ ಹುಲ್ಲುಗಾಡು ಈ ದಾರಿಯ ಜೀವ. ಮರವಿಲ್ಲ, ನೆರಳಿಲ್ಲ, ಗಾಳಿ ಎದುರಿಗೆ ಬಂದರೆ ಸಪಾಟು ನೆಲದಲ್ಲೂ ಸಣ್ಣ ಗೇರು. ದನದ ಹಿಂಡು ಎದುರಾದರೆ ನಾನು ಬೆಲ್ ಒತ್ತುವುದಿಲ್ಲ. ಸೈಕಲ್ ಇಳಿದು ಪಕ್ಕಕ್ಕೆ ನಿಂತು ಹಿಂಡಿನವರ ಜೊತೆ ಎರಡು ಮಾತಾಡುತ್ತೇನೆ. ಹೆಲ್ಮೆಟ್ಟು ಕನ್ನಡಕದ ಹಿಂದಿರುವುದು ಮನುಷ್ಯನೇ ಅಂತ ದನಕ್ಕೆ ತಿಳಿಯುವುದು ದನಿಯಿಂದ. ಕುರಿ ಬೆದರಿ ಪಕ್ಕದ ಹುರುಳಿ ಹೊಲಕ್ಕೆ ನುಗ್ಗಿದರೆ ಬೈಸಿಕೊಳ್ಳುವವರು ನಾವಲ್ಲ, ಕುರಿಯವರು.

ಬುಕ್ಕಾಪಟ್ಟಣದ ಸುತ್ತಲ ಕಾಡು ಕಮರ ಮರಗಳದ್ದು. ಚಿಂಕಾರ, ಕೃಷ್ಣಮೃಗ, ಕೊಂಡುಕುರಿ ಮೂರೂ ಇರುವ ಜಾಗ. 2019ರಲ್ಲಿ ಸುಮಾರು 136 ಚದರ ಕಿ.ಮೀ. ಪ್ರದೇಶವನ್ನು ಚಿಂಕಾರ ವನ್ಯಜೀವಿಧಾಮ ಅಂತ ಘೋಷಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಹಾದುಹೋಗುವ ಸಾರ್ವಜನಿಕ ರಸ್ತೆಯಲ್ಲಿ ಹೋಗಬಹುದು, ಅದರಿಂದ ಇಳಿದು ಕಾಡಿನ ಜಾಡು ಹಿಡಿಯಬೇಕಾದರೆ ಅನುಮತಿ ಬೇಕು. ಹಾಗಾಗಿ ಇಲ್ಲಿ ನನ್ನ ದಾರಿ ಡಾಂಬರಿನ ಮೇಲೆ. ಗ್ರಾವೆಲ್ ಅಂತ ಬಂದವರಿಗೆ ಇದು ಸಪ್ಪೆ ಅನಿಸಬಹುದು. ಅನಿಸಲಿ. ನಾಳೆ ಕಾಡಿನೊಳಗಿನ ಜಾಡೊಂದು ಫೋನಿಂದ ಫೋನಿಗೆ ಹರಿದಾಡಿ ಭಾನುವಾರ ಐವತ್ತು ಸೈಕಲ್ ಬಂದರೆ ಚಿಂಕಾರಕ್ಕೆ ಹೋಗಲು ಬೇರೆ ಜಾಗವಿಲ್ಲ. ನನ್ನ ದಾರಿಯ ಗುರುತುಗಳಿರುವ ಜಿಪಿಎಕ್ಸ್ ಫೈಲನ್ನು ಗೊತ್ತಿದ್ದವರಿಗೆ ಬಿಟ್ಟು ಯಾರಿಗೂ ಕೊಡದಿರುವುದಕ್ಕೂ ಇದೇ ಕಾರಣ.

ನೀರಿನ ಲೆಕ್ಕ ಮೂರು ಲೀಟರು, ಬಿಸಿಲು ಜೋರಿದ್ದರೆ ನಾಲ್ಕು. ನಡುವೆ ಸಿಗುವುದು ಕಾಡುಗೊಲ್ಲರ ಹಟ್ಟಿಗಳು. ಕೇಳಿದರೆ ನೀರು, ಮಜ್ಜಿಗೆ ಇಲ್ಲ ಅಂದವರನ್ನು ನಾನು ಕಂಡಿಲ್ಲ. ಹಟ್ಟಿ ನಾಯಿಗಳು ಬಾಗಿಲಲ್ಲೇ ಸಿಗುತ್ತವೆ. ಜೋರಾಗಿ ತುಳಿದು ಪಾರಾಗಲು ನೋಡಬೇಡಿ, ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು "ಯಾರಾದ್ರೂ ಇದೀರಾ ಅಮ್ಮಾ" ಅಂತ ಕೂಗಿ. ಗುಡಿಯ ಆವರಣದ ಹತ್ತಿರ ಶೂ ಬಿಚ್ಚಿ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಬಿಚ್ಚಲು ಸೋಮಾರಿತನ ಬಂದರೆ ದೂರದಲ್ಲೇ ನಿಲ್ಲಿ.

ಬೋರನಕಣಿವೆ ಜಲಾಶಯ, ಹುಳಿಯಾರಿನ ಊಟ, ಅಲ್ಲಿಂದ ವಾಪಸು ಚಿಕ್ಕನಾಯಕನಹಳ್ಳಿ. ಒಟ್ಟು 90 ಕಿ.ಮೀ. ಸುಮಾರು. ಕೊನೆಯ ಭಾಗದ ಬಗ್ಗೆ ಬರೆಯುವಂಥದ್ದೇನಿಲ್ಲ, ತೋಟದ ನಡುವಿನ ರಸ್ತೆ, ಎಳನೀರು ಸಿಗುತ್ತದೆ.

ಇದನ್ನು ಶಿರಾ ಕಡೆ ಜುಂಜಪ್ಪನ ಗುಡ್ಡೆಯವರೆಗೆ ಎಳೆಯಬೇಕು ಅಂತ ಈಗ ಹಾಳೆಗಳನ್ನು ಹೊಂದಿಸುತ್ತಿದ್ದೇನೆ. ನಡುವೆ ಒಂದು ಬಂಡಿದಾರಿ ನಕಾಶೆಯಲ್ಲಿದೆ, ಸದ್ಯ ಅದರ ಮೇಲೆ ರಾಗಿ ನಿಂತಿದೆ. ಕೊಯ್ಲು ಮುಗಿದ ಮೇಲೆ ಹೊಲದವರನ್ನು ಕಂಡು ಮಾತಾಡಬೇಕು. ಅವರು ಬೇಡ ಅಂದರೆ ಏಳೆಂಟು ಕಿ.ಮೀ. ಬಳಸಿ ಹೋಗುವ ಟಾರ್ ರಸ್ತೆ ಇದ್ದೇ ಇದೆ.