ಯಾವ್ ದ್ಯಾವ್ರ ಹರ್ಕೆ ಮಗಾ?

ನಾನು ಮಂಡ್ಯದ ಕಡೆಯ ಲೈನ್‌ಮ್ಯಾನ್. ಕೆಲಸಕ್ಕೆ ಹೊರಟರೆ ರಬ್ಬರ್ ಅಟ್ಟೆಯ ಶೂ ಇಲ್ಲದೆ ಕಂಬ ಮುಟ್ಟುವುದಿಲ್ಲ. ಓಡಲು ಹೊರಟರೆ ಶೂ ಮುಟ್ಟುವುದಿಲ್ಲ.

ಬೆಳಿಗ್ಗೆ ಐದೂವರೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಓಡುತ್ತೇನೆ. ಶುರುವಿನಲ್ಲಿ ಜನ ನನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಡೈರಿಗೆ ಹಾಲು ತರುತ್ತಿದ್ದ ಅಜ್ಜಿಯೊಬ್ಬರು ನಿಲ್ಲಿಸಿ ಕೇಳಿಯೇಬಿಟ್ಟರು: "ಯಾವ್ ದ್ಯಾವ್ರ ಹರ್ಕೆ ಮಗಾ?" ನಮ್ಮ ಕಡೆ ಬರಿಗಾಲಿಗೆ ಎರಡೇ ಕಾರಣ. ಹರಕೆ, ಇಲ್ಲಾಂದ್ರೆ ಬಡತನ. ಖುಷಿಗೆ ಚಪ್ಪಲಿ ಬಿಟ್ಟವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಮ್ಮಪ್ಪನಿಗಂತೂ ನಿಜಕ್ಕೂ ಬೇಜಾರಾಯಿತು. "ನಾನು ಕಬ್ಬಿನ ಕೂಳೆ ತುಳ್ಕೊಂಡು ನಿಂಗೆ ಶೂ ತಂದ್ಕೊಟ್ಟೆ. ನೀನು ಅದ್ನೇ ಬಿಚ್ಚಾಕಿ ಓಡ್ತೀಯಲ್ಲೋ" ಅಂದರು. ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಶುರುವಾಗಿದ್ದು ಒಂದು ಮಳೆಯಿಂದ. ಶೂ ಒಳಗೆ ನೀರು ತುಂಬಿ ಪಚಪಚ ಅನ್ನುತ್ತಿತ್ತು. ಬಿಚ್ಚಿ ಕೈಯಲ್ಲಿ ಹಿಡಿದು ಮನೆಗೆ ಓಡಿದೆ. ಎರಡು ಕಿಲೋಮೀಟರ್ ಇದ್ದೀತು. ಸ್ಕೂಲಿಗೆ ಓಡುತ್ತಿದ್ದ ಹುಡುಗ ಎಲ್ಲಿಂದಲೋ ಎದ್ದು ಬಂದ ಹಾಗಾಯಿತು. ಅಂಗಾಲಿಗೆ ಕಿವಿ ಬಂದ ಹಾಗೆ, ಯಾವುದು ಕೆಸರು, ಯಾವುದು ಮರಳು, ಎಲ್ಲಿ ಗರಿಕೆ ಇದೆ ಎಲ್ಲಾ ಗೊತ್ತಾಗುತ್ತಿತ್ತು.

ಮರುದಿನವೇ ಆರು ಕಿಲೋಮೀಟರ್ ಓಡಿದೆ. ದಡ್ಡತನ. ಮೀನಖಂಡ ಎರಡೂ ಕಲ್ಲಾದವು. ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಶೂನಲ್ಲಿ ಓಡುವಾಗ ನಾನು ಹಿಮ್ಮಡಿ ಕುಕ್ಕಿ ಓಡುತ್ತಿದ್ದೆ. ಬರಿಗಾಲಲ್ಲಿ ಹಾಗೆ ಕುಕ್ಕಲು ಆಗುವುದಿಲ್ಲ, ನೋವಾಗುತ್ತದೆ. ತಾನಾಗಿಯೇ ಮುಂಗಾಲು ಮೊದಲು ಊರುತ್ತದೆ, ಆಮೇಲೆ ಹಿಮ್ಮಡಿ ಮೆಲ್ಲಗೆ ನೆಲ ಸೋಕುತ್ತದೆ. ಆ ಭಾರವೆಲ್ಲ ಬೀಳುವುದು ಮೀನಖಂಡಕ್ಕೆ ಮತ್ತು ಹಿಮ್ಮಡಿ ಮೇಲಿನ ಸ್ನಾಯುರಜ್ಜಿಗೆ. ಅವಕ್ಕೆ ಅಭ್ಯಾಸವೇ ಇರಲಿಲ್ಲ.

ಆಮೇಲೆ ಬುದ್ಧಿ ಬಂತು. ಮೊದಲ ವಾರ ದಿನ ಬಿಟ್ಟು ದಿನ ಬರೀ 500 ಮೀಟರ್. ಉಳಿದದ್ದು ಶೂನಲ್ಲೇ. ವಾರಕ್ಕೆ ಇನ್ನೊಂದು ಇನ್ನೂರು ಮುನ್ನೂರು ಮೀಟರ್ ಸೇರಿಸಿದೆ, ಅಷ್ಟೇ. ಹೆಜ್ಜೆ ಚಿಕ್ಕದು, ಬೇಗ ಬೇಗ. 15 ಸೆಕೆಂಡಿಗೆ ಬಲಗಾಲು 22 ಸಲ ಊರುತ್ತದಾ ಅಂತ ಎಣಿಸುತ್ತಿದ್ದೆ. ಐದು ಕಿಲೋಮೀಟರ್ ಮುಟ್ಟಲು ಐದು ತಿಂಗಳು ಹಿಡಿಯಿತು. ಈಗ 21 ಓಡುತ್ತೇನೆ.

ಹುಲ್ಲಿನ ಮೇಲೆ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಲ್ಲೊಳಗೆ ನೆಗ್ಗಿಲು ಮುಳ್ಳು ಕಾಣುವುದಿಲ್ಲ, ಮೆತ್ತಗಿರುವುದರಿಂದ ಕಾಲಿನ ತಪ್ಪೂ ಗೊತ್ತಾಗುವುದಿಲ್ಲ. ನುಣುಪಾದ ಟಾರ್ ರಸ್ತೆಯೇ ಒಳ್ಳೆ ಮೇಷ್ಟ್ರು, ತಪ್ಪು ಹೆಜ್ಜೆಗೆ ತಕ್ಷಣ ಏಟು. ರಸ್ತೆ ಅಂಚಿನ ಬಿಳಿ ಪಟ್ಟೆ ಇನ್ನೂ ನುಣುಪು, ಬಿಸಿಲಲ್ಲಿ ಕಪ್ಪು ಟಾರಿನಷ್ಟು ಸುಡುವುದಿಲ್ಲ. ಮಳೆಯಲ್ಲಿ ಮಾತ್ರ ಜಾರುತ್ತದೆ. ಹೊಸದಾಗಿ ಜಲ್ಲಿ ಹಾಕಿದ ರಸ್ತೆಯಲ್ಲಿ ಸುಮ್ನೆ ನಡೆದುಬಿಡಿ, ಮರ್ಯಾದೆ ಏನೂ ಹೋಗಲ್ಲ. ಸುಗ್ಗಿಯಲ್ಲಿ ನಮ್ಮ ರಸ್ತೆ ತುಂಬಾ ಹುರುಳಿ ಒಕ್ಕಣೆ. ಕಾರು ಲಾರಿ ತುಳಿಯಲಿ ಅಂತ ಹರಡಿರುತ್ತಾರೆ. ನಾನೂ ಸ್ವಲ್ಪ ತುಳಿದುಕೊಟ್ಟಿದ್ದೇನೆ. ಚುಚ್ಚುತ್ತದೆ ಮಾರಾಯ್ರೆ!

ಇನ್ನೊಂದು ತೊಂದರೆ, ಬರಿಗಾಲಿಗೆ ಸದ್ದಿಲ್ಲ. ಮಲಗಿರುವ ನಾಯಿಗೆ ನಾವು ಬಂದಿದ್ದು ಗೊತ್ತಾಗದೆ ಬೆಚ್ಚಿಬಿದ್ದು ಅಟ್ಟಿಸಿಕೊಂಡು ಬರುತ್ತದೆ. ನಾಯಿ ಕಂಡರೆ ದೂರದಿಂದಲೇ ಕೆಮ್ಮುತ್ತೇನೆ.

ಭೂಮಿಯ ಶಕ್ತಿ ಕಾಲಿಂದ ಹತ್ತುತ್ತದೆ, ಅರ್ಥಿಂಗ್ ಆಗುತ್ತದೆ ಅಂತ ಕೆಲವರು ನನಗೇ ಪಾಠ ಹೇಳುತ್ತಾರೆ. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಮಾಡುವುದೇ ನನ್ನ ಕೆಲಸ ಸ್ವಾಮಿ. ಉಪ್ಪು, ಇದ್ದಿಲು ಹಾಕಿ ಗುಂಡಿ ಮುಚ್ಚಿದವನು ನಾನು. ಹಾಗೇನೂ ನನಗೆ ಹತ್ತಿಲ್ಲ. ಬಿಕಿಲಾ ಹೆಸರು ಹೇಳುವವರೂ ಇದ್ದಾರೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ನಿಜ, 2 ಗಂಟೆ 15 ನಿಮಿಷ 16 ಸೆಕೆಂಡ್. ಆದರೆ 1964ರಲ್ಲಿ ಟೋಕಿಯೋದಲ್ಲಿ ಅದೇ ಮನುಷ್ಯ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಮತ್ತೆ ಗೆದ್ದರು. ಅದನ್ನು ಯಾರೂ ಹೇಳುವುದಿಲ್ಲ, ಅಲ್ವಾ? ವೇಗ ಬೇಕಿದ್ದರೆ ಶೂ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುವವರಂತೂ ಇದರ ತಂಟೆಗೇ ಬರಬೇಡಿ. ನಾನು ದಿನಾ ರಾತ್ರಿ ದೀಪದಡಿ ಅಂಗಾಲು ನೋಡಿಕೊಳ್ಳುತ್ತೇನೆ. ಧನುರ್ವಾಯು ಇಂಜೆಕ್ಷನ್ ತಪ್ಪಿಸುವುದಿಲ್ಲ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಹರಳೆಣ್ಣೆ.

ನನ್ನನ್ನು ಯಾರೂ ಪ್ರಶ್ನೆ ಕೇಳದ ಜಾಗ ಒಂದೇ, ಚಾಮುಂಡಿ ಬೆಟ್ಟದ ಮೆಟ್ಟಿಲು. ಅಲ್ಲಿ ಎಲ್ಲರದ್ದೂ ಬರಿಗಾಲೇ. ಆಷಾಢ ಶುಕ್ರವಾರ ಮೈಸೂರಿಗೆ ಹೋಗಿ, ಕತ್ತಲಿರುವಾಗಲೇ ಹತ್ತುತ್ತೇನೆ. ಓಡಲು ಆಗುವುದಿಲ್ಲ, ಅಷ್ಟು ಜನ. ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಬರುತ್ತಿರುತ್ತಾರೆ. ನಂದಿ ಹತ್ತಿರ ಹೋಗುವಷ್ಟರಲ್ಲಿ ಅಂಗಾಲು ಕೆಂಪು ಹಳದಿ. ಹೋದ ವರ್ಷ ಅದೇ ಕಾಲಲ್ಲಿ ಮನೆಗೆ ಬಂದೆ. ಮನೆಯಾಕೆ ಬಾಗಿಲಲ್ಲೇ ತಡೆದು, "ಈಗ ತಾನೇ ನೆಲ ಒರೆಸಿದೀನಿ, ಬಚ್ಚಲಿಗೆ ಹಿಂದಿನಿಂದ ಬನ್ನಿ" ಅಂದಳು.