ಚಾಚಿದ ಕಿವಿಯ ಶಸ್ತ್ರಚಿಕಿತ್ಸೆ: ಮನೆಯಲ್ಲಿ ಆರೈಕೆ ಹೇಗೆ?

ಮುಂದಕ್ಕೆ ಚಾಚಿದ ಕಿವಿಯನ್ನು ಹಿಂದಕ್ಕೆ ಕೂರಿಸುವ ಈ ಶಸ್ತ್ರಚಿಕಿತ್ಸೆಗೆ ಮಗುವಿಗೆ 5-6 ವರ್ಷ ತುಂಬಲಿ. ಅಷ್ಟರಲ್ಲಿ ಕಿವಿ ಬಹುಪಾಲು ಬೆಳೆದಿರುತ್ತದೆ. ವಿಜಯಪುರದ ಏಪ್ರಿಲ್-ಮೇ ಬಿಸಿಲಿಗೆ ಬ್ಯಾಂಡೇಜ್ ಬೆವರಿನಿಂದ ತೊಯ್ದು ಹೋಗುತ್ತದೆ, ಆದ್ದರಿಂದ ಬೇಸಿಗೆ ರಜೆಗಿಂತ ದಸರಾ ರಜೆಯೇ ಲೇಸು.

ವೈದ್ಯರು ಕಿವಿಯ ಹಿಂದೆ ಕೊಯ್ದು, ಮೃದ್ವಸ್ಥಿಯನ್ನು (ಕಿವಿಗೆ ಆಕಾರ ಕೊಡುವ, ಬಾಗುವ ಮೆತ್ತನೆಯ ಎಲುಬು) ಮಡಚಿ, ಸಾಮಾನ್ಯವಾಗಿ ಕರಗದ ದಾರದಿಂದ ಹೊಲಿಯುತ್ತಾರೆ. ಆ ಹೊಲಿಗೆ ಜಾರಿದರೆ ಕಿವಿ ಮತ್ತೆ ಮುಂದಕ್ಕೆ ಬರುತ್ತದೆ.

ಮೊದಲ ಎರಡು ದಿನ ಕಣ್ಣಿಟ್ಟು ನೋಡಿ. ಎರಡೂ ಕಿವಿ ಸ್ವಲ್ಪ ನೋಯುವುದು ಸಹಜ, ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್‌ಗೆ ತಗ್ಗುತ್ತದೆ. ಒಂದೇ ಕಿವಿಯಲ್ಲಿ ನೋವು ಏರುತ್ತಲೇ ಹೋದರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿರಬಹುದು. ಹಾಗೇ ಬಿಟ್ಟರೆ ಮೃದ್ವಸ್ಥಿಗೆ ಪೋಷಣೆ ತಪ್ಪಿ ಕಿವಿ ಮುರುಟುತ್ತದೆ. ಇಂಡಿ, ಮುದ್ದೇಬಿಹಾಳದಂಥ ದೂರದ ಊರಿನವರು ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆಗೆ ಫೋನ್ ಮಾಡಿ ಆಗಲೇ ಹೊರಡಿ. ಬ್ಯಾಂಡೇಜ್ ನೀವೇ ಬಿಚ್ಚಬೇಡಿ.

ತಲೆ ಎತ್ತರಿಸಿ ಅಂಗಾತ ಮಲಗಿಸಿ. ತಲೆಯಿಂದ ಎಳೆಯುವ ಬನಿಯನ್ ಬೇಡ, ಮುಂದೆ ಗುಂಡಿಯಿರುವ ಅಂಗಿ ತೊಡಿಸಿ.

ಸುಮಾರು ವಾರಕ್ಕೆ ಬ್ಯಾಂಡೇಜ್ ತೆಗೆದ ಮೇಲೆ 4-6 ವಾರ ರಾತ್ರಿ ಹೆಡ್‌ಬ್ಯಾಂಡ್ ಕಟ್ಟಿ. ಅದರಡಿ ಒಂದು ಬೆರಳು ಸಲೀಸಾಗಿ ತೂರಬೇಕು. ಬಿಗಿಯಾದರೆ ಚರ್ಮ ಹುಣ್ಣಾಗುತ್ತದೆ, ಸಡಿಲವಾದರೆ ನಿದ್ದೆಯಲ್ಲಿ ಕಿವಿ ಮಡಚುತ್ತದೆ. ಕುಸ್ತಿ, ಕಬಡ್ಡಿಗೆ ಕನಿಷ್ಠ 6 ವಾರ ರಜೆ. ಕೆಂಪಾಗಿ ಕೀವು, ವಾಸನೆ ಬಂದರೆ ಅರಿಶಿನ ಮೆತ್ತಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.