ಗೋವಾದಿಂದ ಕೊಪ್ಪಳಕ್ಕೆ ಹಾಯಿದೋಣಿ ಎಳೆದು ತಂದೆವು

ಸೆಕೆಂಡ್‌ಹ್ಯಾಂಡ್ ಹಾಯಿದೋಣಿ ತರಲು ಹೋಗುವವರು ಮೊದಲು ದೋಣಿ ನೋಡಬಾರದು, ಅದರ ಕೆಳಗಿರುವ ಟ್ರಾಲಿ ನೋಡಬೇಕು. ದೋಣಿಯಲ್ಲಿ ಏನು ಕೆಟ್ಟಿದ್ದರೂ ಮನೆಗೆ ತಂದು ಸಾವಕಾಶವಾಗಿ ರಿಪೇರಿ ಮಾಡಬಹುದು. ಟ್ರಾಲಿ ಕೆಟ್ಟರೆ ಅರಬೈಲ್ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ರಿಪೇರಿ ಮಾಡಬೇಕಾಗುತ್ತದೆ.

ನಮ್ಮದು ಕೊಪ್ಪಳ ತಾಲ್ಲೂಕಿನಲ್ಲಿ ತುಂಗಭದ್ರಾ ಹಿನ್ನೀರಿನ ದಂಡೆಯ ಊರು. ನೀರು ಅಷ್ಟು ಹತ್ತಿರ ಇರುವಾಗ ಟ್ರಾಲಿ ಯಾಕೆ, ದಡದಲ್ಲೇ ಕಟ್ಟಿದರಾಯ್ತಲ್ವಾ ಎಂದು ಬಹಳ ಜನ ಕೇಳಿದರು. ಆದರೆ ದಡ ಒಂದೇ ಕಡೆ ನಿಲ್ಲಬೇಕಲ್ಲ! ಡ್ಯಾಂ ತುಂಬಿದರೆ ನೀರು 1633 ಅಡಿಗೆ ಬರುತ್ತದೆ. ಬೇಸಿಗೆಗೆ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಆಗಸ್ಟ್‌ನಲ್ಲಿ ದೋಣಿ ತೇಲಿದ ಜಾಗದಲ್ಲಿ ಏಪ್ರಿಲ್‌ಗೆ ಬಿರುಕು ಬಿಟ್ಟ ಹೂಳಿರುತ್ತದೆ, ಕುರಿ ಮೇಯುತ್ತಿರುತ್ತವೆ. ನಮ್ಮ ಡ್ಯಾಮಿಗೆ ನೀರಿನ ಬೆನ್ನು ಹತ್ತಿ ಹೋಗುವ ದೋಣಿಯೇ ಬೇಕು. ಹಾಗಾಗಿ ಗಾಲಿಯ ಮೇಲೆ ಕೂರುವಷ್ಟು ಚಿಕ್ಕದನ್ನೇ ಹುಡುಕಿದೆ.

ಸಿಕ್ಕಿದ್ದು ಎಂಟರ್‌ಪ್ರೈಸ್ ಜಾತಿಯ ಫೈಬರ್ ದೋಣಿ. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ್ದು. ಇದರ ಗುರುತೇ ನೀಲಿ ಹಾಯಿ. ಉದ್ದ ನಾಲ್ಕು ಮೀಟರಿಗಿಂತ ಚೂರು ಜಾಸ್ತಿ, ಬರೀ ಒಡಲಿನ ತೂಕ ಸುಮಾರು 94 ಕೆಜಿ, ನಡೆಸಲು ಇಬ್ಬರು ಸಾಕು. 1982ರ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನದ ಬೈರಾಮ್ ಅವಾರಿ, ಗೋಶ್ಪಿ ಅವಾರಿ ಗಂಡ-ಹೆಂಡತಿ ಚಿನ್ನ ಗೆದ್ದದ್ದು ಇದೇ ಜಾತಿಯ ದೋಣಿಯಲ್ಲಿ. ಮನೆಯಲ್ಲಿ ಒಪ್ಪಿಗೆ ಸಿಗಲಿ ಎಂದು ಇದನ್ನು ಹೆಂಡತಿಗೆ ಹೇಳಿದೆ. "ಚಿನ್ನ ಬ್ಯಾಡ್ರಿ, ಮುಳುಗದಿದ್ರ ಸಾಕು" ಅಂದಳು. ಅಪ್ಪನದು ಬೇರೆ ತಕರಾರು: "ಆನೆಗೊಂದಿ ಹರಗೋಲು ಸಾಕಾಗಲಿಲ್ಲೇನು ನಿನಗ?"

ಆದರೂ ಬೊಲೆರೋ ಹತ್ತಿದವರಲ್ಲಿ ಅಪ್ಪನೇ ಮೊದಲಿಗರು. ಹೆಂಡತಿ, ಮಗ, ಮಗಳು ಹಿಂದೆ. ಅವ್ವ ಎಮ್ಮೆ ಬಿಟ್ಟು ಬರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾತ್ರ ಗೋವಾದವರಿಗೂ ಸಾಕಾಗುವಷ್ಟು ಕಟ್ಟಿಕೊಟ್ಟಳು.

ದೋಣಿಯನ್ನು ಬೇಗ ನೋಡಿ ಮುಗಿಸಿದೆ. ರೂಪಾಯಿ ನಾಣ್ಯದಿಂದ ಮೈ ಪೂರ್ತಿ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಸದ್ದು ಸತ್ತಂತಿರುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ಮಧ್ಯದಿಂದ ನೀರಿಗೆ ಇಳಿಬಿಡುವ ಹಲಗೆಗೆ ಸೆಂಟರ್‌ಬೋರ್ಡ್ ಅಂತಾರೆ, ಅದು ಇಳಿಯುವ ಗೂಡಿನ ಬುಡದಲ್ಲಿ ಸೋರಿಕೆಯ ಕಲೆ ಇದೆಯಾ ನೋಡಬೇಕು. ಗಾಳಿ ತುಂಬಿದ ತೊಟ್ಟಿಗಳ ಮುಚ್ಚಳ ಬಿಗಿ ಇರಬೇಕು. ದೋಣಿ ಮಗುಚಿದಾಗ ಮುಳುಗದಂತೆ ಹಿಡಿಯುವುದು ಅವೇ. ಹಾಯಿ ಹಳೆಯದು, ಬಟ್ಟೆ ಮೆತ್ತಗಾಗಿತ್ತು. ಕಲಿಯಲು ಅಡ್ಡಿಯಿಲ್ಲ.

ಟ್ರಾಲಿಗೆ ಅರ್ಧ ದಿನ ಹೋಯಿತು. ಉಪ್ಪುನೀರಿಗೆ ಇಳಿದ ಟ್ರಾಲಿ ಹೊರಗೆ ಎಷ್ಟೇ ಬಣ್ಣ ಹೊಡೆದಿದ್ದರೂ ಗಾಲಿಯ ನಡುವೆ ಬೇರಿಂಗ್ ಕೂರುವ ಹಬ್ ಒಳಗೆ ತಿಂದುಹೋಗಿರುತ್ತದೆ. ಜಾಕ್ ಕೊಟ್ಟು ಗಾಲಿ ಎತ್ತಿ ಕೈಯಿಂದ ತಿರುಗಿಸಿದರೆ ಗರಗರ ಸದ್ದು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಲೊಡಲೊಡ. ಮುಚ್ಚಳ ತೆಗೆದರೆ ಗ್ರೀಸು ಹಾಲು ಹಾಕಿದ ಚಹಾದಂತಾಗಿತ್ತು. ನೀರು ಸೇರಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಅಲ್ಲೇ ಪೇಟೆಯಲ್ಲಿ ಹೊಸ ಬೇರಿಂಗ್, ಸೀಲ್ ತಂದೆವು.

ಟ್ರ್ಯಾಕ್ಟರ್ ಜೊತೆ ಜೀವನ ಕಳೆದ ಅಪ್ಪ ಇಷ್ಟು ಹೊತ್ತಿಗೆ ಅಂಗಿ ತೋಳು ಮಡಚಿದ್ದರು. ಎಡಗೈ ಅಂಗೈಯಲ್ಲಿ ಗ್ರೀಸಿನ ಗುಡ್ಡೆ. ಬಲಗೈಯಲ್ಲಿ ಬೇರಿಂಗ್ ಹಿಡಿದು ಅದರ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೆಯುತ್ತಾರೆ. ಗುಂಡುಗಳ ಸಂದಿಯಿಂದ ಆಚೆ ಬದಿಗೆ ಗ್ರೀಸು ಎಳೆ ಎಳೆಯಾಗಿ ಹೊರಬಂದರೆ ಒಳಗೆ ತುಂಬಿದೆ ಅಂತ. ಮೇಲೆ ಸವರಿದರೆ ಪ್ರಯೋಜನವಿಲ್ಲ. ಆಮೇಲೆ ನಟ್ ಬಿಗಿ ಮಾಡಿ, ಗಾಲಿ ತಿರುಗಿಸಿ, ಮತ್ತೆ ಚೂರು ಸಡಿಲಿಸಿ, ನಟ್ ಕಳಚದಂತೆ ಹೊಸ ಸ್ಪ್ಲಿಟ್ ಪಿನ್ ಹಾಕಿದರು. ಪೂರ್ತಿ ಬಿಗಿದರೆ ಬೇರಿಂಗ್ ಕಾದು ಸಾಯುತ್ತದೆ. ದೋಣಿ ಮಾರಿದ ಹಿರಿಯರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅಪ್ಪನಿಗೆ ಕೊಂಕಣಿ ಬಾರದು, ಅವರಿಗೆ ಕನ್ನಡ ಬಾರದು. ಮಾತು ಮಾತ್ರ ನಿಲ್ಲಲಿಲ್ಲ.

ಟೈರಿನ ಗುಂಡಿ ಸವೆದಿಲ್ಲ ಎಂದು ಮೋಸ ಹೋಗಬೇಡಿ. ದೋಣಿ ಟ್ರಾಲಿ ಓಡುವುದು ಕಡಿಮೆ, ನಿಲ್ಲುವುದೇ ಜಾಸ್ತಿ. ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2314 ಎಂದಿದ್ದರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಮ್ಮವು ಇನ್ನೂ ಹಳೆಯವು, ಬದಿಯಲ್ಲಿ ಬಿರುಕು. ಎರಡೂ ಬದಲಿಸಿದೆ, ಬೆಲೆಯಲ್ಲಿ ಮುರಿದುಕೊಂಡೆ.

ಇನ್ನು ತೂಕ. ದೋಣಿ ಟ್ರಾಲಿಯ ಮೇಲೆ ಹಿಂದಕ್ಕೆ ಕೂತರೆ ಟ್ರಾಲಿ ಬಾಲ ಬೀಸಲು ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಬೊಲೆರೋವನ್ನೂ ಎಳೆದಾಡುತ್ತದೆ. ಒಟ್ಟು ಭಾರದ ಹತ್ತನೇ ಒಂದು ಪಾಲಿನ ಆಸುಪಾಸು ಕೊಕ್ಕೆಯ ಮೇಲೆ ಬೀಳಬೇಕು. ನಮ್ಮ ಟ್ರಾಲಿ, ದೋಣಿ, ಸಾಮಾನು ಸೇರಿ ಮುನ್ನೂರು ಕೆಜಿ ಇರಬಹುದು. ಮನೆಯಲ್ಲಿ ಮೈತೂಕ ನೋಡುವ ಕಾಟಾ ಒಯ್ದಿದ್ದೆ. ಟ್ರಾಲಿಯ ಮೂತಿ ಅದರ ಮೇಲಿಟ್ಟು, ಮುಳ್ಳು ಮೂವತ್ತರ ಹತ್ತಿರ ಬರುವವರೆಗೆ ದೋಣಿಯನ್ನು ಮುಂದಕ್ಕೆ ಸರಿಸಿದೆವು. ಅಲ್ಯೂಮಿನಿಯಂ ಕೂವೆಕಂಬ ದೋಣಿಗಿಂತ ಬಹಳ ಉದ್ದ. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿದೆವು. ಅದು ಮಗಳ ಹಳೆ ಲಂಗ.

ವಾಪಸ್ ಬರುವಾಗ ಅನಮೋಡ ಘಾಟಿಯ ದಾರಿ ಹಿಡಿಯದೆ ಕಾರವಾರ, ಅಂಕೋಲಾ ಮೇಲೆ ಬಂದೆವು. ಈ ದಾರಿ ನನಗೆ ಪರಿಚಯ, ಮತ್ತೆ ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ಒಂದೇ ಗೆರೆ. ಬಳ್ಳಾರಿ ಕಡೆಯ ಅದಿರು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದದ್ದು ಇದೇ ರಸ್ತೆಯಲ್ಲಿ. "ಅದಿರು ಇಳಿದ ದಾರ್ಯಾಗ ದೋಣಿ ಏರಾಕತ್ತೈತಿ" ಅಂದರು ಅಪ್ಪ.

ಹೊರಟು ಇಪ್ಪತ್ತು ಕಿಲೋಮೀಟರಿಗೆ ಮೊದಲ ನಿಲುಗಡೆ. ಆಮೇಲೆ ಐವತ್ತು ಐವತ್ತಕ್ಕೆ. ಎಡಗಾಲಿ ಮಗಳಿಗೆ, ಬಲಗಾಲಿ ಮಗನಿಗೆ. ಹಬ್ ಮೇಲೆ ಕೈ ಇಡುವುದು ಅವರ ಕೆಲಸ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಮುಂದೆ ಹೋಗುವಂತಿಲ್ಲ. ಯಾರ ಗಾಲಿ ತಣ್ಣಗಿದೆ ಎಂದು ಅವರಲ್ಲೇ ಜಗಳ. ದೋಣಿ ಕಟ್ಟಿದ ಬೆಲ್ಟುಗಳೂ ಮೊದಲ ನಿಲುಗಡೆಯಲ್ಲೇ ಸಡಿಲಾಗಿದ್ದವು. ಹಾಗೇ ಆಗುತ್ತದೆ, ಬಿಗಿಯಬೇಕು.

ಗುಳ್ಳಾಪುರ ದಾಟಿ ಅರಬೈಲ್ ಏರುವಾಗ ಎರಡನೇ ಗೇರೇ ಗತಿ. ತಿರುವಿನಲ್ಲಿ ಟ್ರಾಲಿ ಗಾಲಿ ನಮ್ಮ ಗಾಲಿಗಿಂತ ಒಳಗೆ ಕತ್ತರಿಸುತ್ತದೆ, ಅಗಲವಾಗಿ ತಿರುಗಬೇಕು. ಆದರೆ ನನ್ನನ್ನು ಹೆದರಿಸಿದ್ದು ಘಾಟಿಯಲ್ಲ, ಗದಗಿನ ಬಯಲು. ಅಲ್ಲಿ ಗಾಳಿಗಿರಣಿಗಳನ್ನು ಸುಮ್ನೆ ನೆಟ್ಟಿಲ್ಲ. ಅಡ್ಡಗಾಳಿಗೆ ದೋಣಿ ಟ್ರಾಲಿ ಸಮೇತ ಪಕ್ಕಕ್ಕೆ ಜಗ್ಗುತ್ತಿತ್ತು. ವೇಗ ಐವತ್ತಕ್ಕೆ ಇಳಿಸಿದೆ, ಬ್ರೇಕ್ ಮುಟ್ಟಲಿಲ್ಲ. ಬಾಲ ಬೀಸುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಅಷ್ಟೇ.

ಒಂದು ಕಡೆ ಪೊಲೀಸಿನವರು ಕೈ ತೋರಿಸಿದರು. "ಮೀನ ಹಿಡ್ಯಾಕ ಹೊಂಟೀರೇನ್ರಿ?" ಇಲ್ಲ ಸರ್, ಗಾಳಿ ಹಿಡಿಯಾಕ ಅಂದೆ. ನಕ್ಕರು, ಕಾಗದ ಮಾತ್ರ ಬಿಡಲಿಲ್ಲ. ಇದನ್ನು ಗಮನಿಸಿ: ಟ್ರಾಲಿಗೂ ಬೇರೆ ಆರ್‌ಸಿ, ಬೇರೆ ನಂಬರ್ ಇರಬೇಕು. ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ (ಎನ್‌ಒಸಿ) ತಂದು ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಬೇಕು. ದುಡ್ಡು ಕೊಡುವ ಮೊದಲೇ ಎನ್‌ಒಸಿ ಅರ್ಜಿಗೆ ಮಾರುವವರ ಸಹಿ ಹಾಕಿಸಿಕೊಳ್ಳಿ. ಡ್ಯಾಮಿನ ನೀರಿಗಿಳಿಸುವ ಅನುಮತಿ ಇನ್ನೊಂದು ಅರ್ಜಿ. ಅದನ್ನು ನಾನು ಗೋವಾಕ್ಕೆ ಹೊರಡುವ ಮುಂಚೆಯೇ ಕೊಟ್ಟಿದ್ದೆ.